ಔಸಂಗಾತೆ ಸುತ್ತು: ತಿಂಕಿಯ ಕುದುರೆಯವರ ಸೇವೆ ಹೇಗಿದೆ?

ಪೆರುವಿನ ಔಸಂಗಾತೆ ಪರ್ವತವನ್ನು ಕಾಲ್ನಡಿಗೆಯಲ್ಲಿ ಸುತ್ತಬೇಕು ಅಂತ ಮನಸ್ಸಿದ್ದರೆ, ಕುಸ್ಕೋ ನಗರದಲ್ಲಿ ಕೂತು ಪ್ಯಾಕೇಜಿಗೆ ದುಡ್ಡು ಕಟ್ಟಬೇಡಿ. ಬಸ್ ಹತ್ತಿ ಪರ್ವತದ ಬುಡದ ತಿಂಕಿ ಊರಿಗೆ ಹೋಗಿ. ಅಲ್ಲಿ ಕುದುರೆ ಸಾಕಿಕೊಂಡಿರುವ ಮನೆಗಳಿವೆ. ಅವರಲ್ಲಿ ಒಬ್ಬರನ್ನು ಗೊತ್ತು ಮಾಡಿಕೊಂಡು ಹೊರಡಿ. ಟೆಂಟ್ ಸ್ವಲ್ಪ ಹಳೆಯದಿರುತ್ತದೆ, ಊಟದಲ್ಲಿ ಆಲೂಗಡ್ಡೆ ಜಾಸ್ತಿ ಇರುತ್ತದೆ. ಆದರೆ ಆ ಪರ್ವತದ ಭೂಗೋಳವನ್ನು ಅವರಷ್ಟು ಚೆನ್ನಾಗಿ ತೋರಿಸಿಕೊಡುವವರು ಬೇರೆ ಯಾರೂ ಇಲ್ಲ. ಆ ಒಂದು ಕಾರಣಕ್ಕೇ ಈ ವಿಮರ್ಶೆ ಬರೆಯುತ್ತಿದ್ದೇನೆ.

ನಾನು ಸರ್ವೇ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಹೊಸ ಜಾಗಕ್ಕೆ ಹೋದರೆ ಮೊದಲು ನೋಡೋದು ನೀರು ಯಾವ ಕಡೆ ಹರಿಯುತ್ತೆ ಅಂತ. ಜೊತೆಗೆ ಬಂದವಳು ಅಕ್ಕನ ಮಗಳು. ಅವಳಿಗೆ ಸ್ಪ್ಯಾನಿಷ್ ಬರುತ್ತದೆ, ನನಗೆ ನಕ್ಷೆಯ ಮೇಲೆ ಎತ್ತರ ತೋರಿಸುವ ಕಾಂಟೂರ್ ಗೆರೆ ಓದೋಕೆ ಬರುತ್ತದೆ. ಇಬ್ಬರಿಗೂ ಬಾರದ್ದು ಕೆಚುವಾ, ಆ ಬೆಟ್ಟಗಳ ಮೂಲನಿವಾಸಿಗಳ ಭಾಷೆ. ನಮ್ಮ ಜೊತೆ ಬಂದ ಕುದುರೆಯ ಯಜಮಾನರ ಮನೆಮಾತು ಅದೇ. ಪರ್ವತದ ಹೆಸರು, ಕೆರೆಗಳ ಹೆಸರು, ಪಾಸ್‌ಗಳ (ಬೆಟ್ಟಸಾಲು ದಾಟುವ ಜಾಗಗಳ) ಹೆಸರು ಬಹುಪಾಲು ಅದರಲ್ಲೇ ಇವೆ.

ಮೊದಲು ಜಾಗದ ಪರಿಚಯ. ಔಸಂಗಾತೆ ಇರೋದು ಕುಸ್ಕೋ ನಗರದಿಂದ ಆಗ್ನೇಯಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ, ವಿಲ್ಕನೋಟಾ ಪರ್ವತಸಾಲಿನಲ್ಲಿ. ಆ ಸಾಲಿಗೂ, ಇಡೀ ಕುಸ್ಕೋ ಪ್ರಾಂತಕ್ಕೂ ಅದೇ ಎತ್ತರದ ಶಿಖರ. ಒಂದು ನಕ್ಷೆಯಲ್ಲಿ 6,384 ಮೀಟರ್ ಅಂತಿದ್ದರೆ ಇನ್ನೊಂದರಲ್ಲಿ 6,372 ಅಂತಿರುತ್ತದೆ. ತುದಿಗೆ ಮೊದಲು ಹತ್ತಿದ್ದು 1953ರಲ್ಲಿ, ಆಸ್ಟ್ರಿಯಾದ ಪರ್ವತಾರೋಹಿ ಹೈನ್ರಿಕ್ ಹಾರರ್ ಇದ್ದ ತಂಡ. ನಮ್ಮಂಥವರು ಹೋಗೋದು ತುದಿಗಲ್ಲ, ಬುಡಕ್ಕೆ. ಬುಡ ಅಂದರೂ ಅದು 4,300 ಮೀಟರಿನಿಂದ 5,200 ಮೀಟರಿನವರೆಗೆ ಏರಿಳಿಯುವ ದಾರಿ, ಸುಮಾರು 70 ಕಿಲೋಮೀಟರ್ ಉದ್ದ. ಸಾಮಾನ್ಯವಾಗಿ ಐದಾರು ದಿನ ಹಿಡಿಯುತ್ತದೆ.

ಕುಸ್ಕೋದಿಂದ ತಿಂಕಿಗೆ ಬಸ್ಸಿನಲ್ಲಿ ಸುಮಾರು ಮೂರು ಗಂಟೆ. ಉರ್ಕೋಸ್ ದಾಟಿದ ಮೇಲೆ ರಸ್ತೆ ತಿರುವು ತಿರುವಾಗಿ ಏರುತ್ತದೆ. ಕುಯುನಿ ಅನ್ನೋ ಎತ್ತರದ ಜಾಗಕ್ಕೆ ಬಂದಾಗ ಪರ್ವತ ಇಡಿಯಾಗಿ ಕಣ್ಣಿಗೆ ಬೀಳುತ್ತದೆ. ಆಮೇಲೆ ಒಕೊಂಗಾತೆ, ಅದಾದ ಮೇಲೆ ತಿಂಕಿ. ಇದೇ ಟಾರು ರಸ್ತೆ ಮುಂದೆ ಮಾರ್ಕಪಾತಾ ಕಡೆ ಇಳಿದು ಅಮೆಜಾನ್ ಕಾಡಿನ ಪುಯೆರ್ಟೊ ಮಾಲ್ಡೊನಾಡೊ ಸೇರುತ್ತದೆ. ಹಿಮದ ಪರ್ವತಕ್ಕೂ ಮಳೆಕಾಡಿಗೂ ನಡುವೆ ಇರೋದು ಒಂದೇ ದಿನದ ದಾರಿ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಸಾಮಾನು ಹೊರುವ ಕುದುರೆಗಳನ್ನು ನಡೆಸುವವರಿಗೆ ಅಲ್ಲಿ ಅರ್ರಿಯೆರೊ ಅಂತಾರೆ. ನಮ್ಮ ಅರ್ರಿಯೆರೊ ಐವತ್ತರ ಆಸುಪಾಸಿನವರು, ಅಲ್ಲೇ ಮೇಲಿನ ಹಳ್ಳಿಯವರು. ಜೊತೆಗೆ ಅಡುಗೆಗೆ ಅವರ ಮಗ. ಹೊರೆಗೆ ಕುದುರೆಗಳು ಬೇರೆ, ಯಾರಿಗಾದರೂ ಕೈಲಾಗದಿದ್ದರೆ ಕೂರಿಸಿಕೊಂಡು ಬರೋಕೆ ಅಂತ ಇನ್ನೊಂದು ಬೇರೆ. ಆಳಿನ ದಿನಗೂಲಿ ಒಂದು, ಕುದುರೆಯ ದಿನಗೂಲಿ ಇನ್ನೊಂದು. ಎಲ್ಲಾ ಪೆರುವಿನ ಹಣ ಸೋಲ್‌ಗಳಲ್ಲೇ ಮಾತು. ಕುಸ್ಕೋದ ಏಜೆನ್ಸಿಯೊಂದು ನಮಗೆ ಹೇಳಿದ್ದ ರೇಟಿಗೆ ಹೋಲಿಸಿದರೆ ಅರ್ಧಕ್ಕೂ ಕಮ್ಮಿ ಆಯಿತು. ಇದರ ಮೇಲೆ ದಾರಿಯಲ್ಲಿ ಸಿಗುವ ಊರಿನವರು ಅಲ್ಲಲ್ಲಿ ಹತ್ತಿಪ್ಪತ್ತು ಸೋಲ್ ಟಿಕೆಟ್ ಹರಿಯುತ್ತಾರೆ. ಚಿಲ್ಲರೆ ಇಟ್ಟುಕೊಳ್ಳಿ. ಆ ದುಡ್ಡು ನೇರವಾಗಿ ಊರಿಗೆ ಹೋಗುತ್ತದೆ, ಕೊಡೋಕೆ ಬೇಸರ ಬೇಡ.

ಹೊರಡುವ ಮೊದಲು ನನಗೆ ಹಿಡಿಸಿದ ಮೊದಲ ವಿಷಯ ಹೊರೆ ಕಟ್ಟಿದ ರೀತಿ. ಯಜಮಾನರು ಎರಡು ಚೀಲಗಳನ್ನು ಎರಡು ಕೈಯಲ್ಲಿ ಎತ್ತಿ ತೂಗಿ ನೋಡಿದರು. ಒಂದು ಚೀಲದಿಂದ ಗ್ಯಾಸ್ ಡಬ್ಬಿ ತೆಗೆದು ಇನ್ನೊಂದಕ್ಕೆ ಹಾಕಿದರು. ಮತ್ತೆ ಎತ್ತಿದರು. ಕುದುರೆಯ ಬೆನ್ನಿನ ಮೇಲೆ ಮೊದಲು ಒಂದು ಕಂಬಳಿ, ಅದರ ಮೇಲೆ ಇನ್ನೊಂದು ದಪ್ಪ ಹಾಸು, ಆಮೇಲೆ ಹೊರೆ. ಹಗ್ಗ ಬಿಗಿಯುವ ಮುಂಚೆ ಹೊಟ್ಟೆಯ ಕೆಳಗೆ ಕೈ ಹಾಕಿ ಚರ್ಮ ಮಡಚಿಕೊಂಡಿದೆಯಾ ಅಂತ ಸವರಿ ನೋಡಿದರು. ಪ್ರತಿ ಬೆಳಿಗ್ಗೆ ಇದೇ ಕ್ರಮ. ಒಂದು ದಿನವೂ ಬಿಡಲಿಲ್ಲ. ಪ್ರಾಣಿಯನ್ನು ಹೀಗೆ ನೋಡಿಕೊಳ್ಳುವವರ ಕೈಗೆ ನಮ್ಮನ್ನೂ ಒಪ್ಪಿಸಬಹುದು ಅಂತ ಅನಿಸಿತು.

ತಿಂಕಿಯಿಂದ ಉಪಿಸ್‌ವರೆಗೆ ಹುಲ್ಲುಗಾವಲು. ಇಚು ಅನ್ನೋ ಗಡುಸು ಹುಲ್ಲು, ಅಲ್ಲಲ್ಲಿ ಆಲೂಗಡ್ಡೆ ಹೊಲ. ಉಪಿಸ್‌ನಲ್ಲಿ ಬಿಸಿನೀರಿನ ಬುಗ್ಗೆ ಇದೆ. ಪರ್ವತದ ವಾಯವ್ಯ ಮೂಲೆ ಅದು. ಅಲ್ಲಿಂದ ದಾರಿ ಪಶ್ಚಿಮಕ್ಕೆ, ಆಮೇಲೆ ದಕ್ಷಿಣಕ್ಕೆ, ಪೂರ್ವಕ್ಕೆ, ಕೊನೆಗೆ ಉತ್ತರಕ್ಕೆ ಬಳಸಿ ಬರುತ್ತದೆ. ಅಂದರೆ ಪರ್ವತ ಯಾವಾಗಲೂ ನಿಮ್ಮ ಎಡಗೈ ಕಡೆ. ಬಹಳ ಜನ ಹೀಗೇ ಸುತ್ತುತ್ತಾರೆ.

ಉಪಿಸ್ ಆದ ಮೇಲೆ ಸಿಗೋದು ಅರಾಪಾ ಪಾಸ್. ಎತ್ತರ 4,800 ಮೀಟರಿನ ಸುತ್ತಮುತ್ತ. ನೋಡೋಕೆ ಅಂಥ ವಿಶೇಷ ಏನಿಲ್ಲ. ಬೋಳು ನೆಲ, ಸಡಿಲ ಕಲ್ಲು, ದಾರಿಹೋಕರು ಪೇರಿಸಿಟ್ಟ ಕಲ್ಲುಗುಪ್ಪೆಗಳು. ಏಜೆನ್ಸಿಯ ಒಂದು ಗುಂಪು ಫೋಟೋ ತೆಗೆದುಕೊಂಡು ಇಳಿದುಹೋಯಿತು. ನಮ್ಮ ಯಜಮಾನರು ಮಾತ್ರ ಕುದುರೆ ನಿಲ್ಲಿಸಿದರು. ಮೂರು ಕೋಕಾ ಎಲೆ ಜೋಡಿಸಿ ಪರ್ವತದ ಕಡೆ ಹಿಡಿದು ಉಸಿರು ಊದಿದರು. ಅವರ ಪಾಲಿಗೆ ಔಸಂಗಾತೆ ಒಬ್ಬ ಅಪು, ಕಾಯುವ ದೊಡ್ಡವನು. ಆಮೇಲೆ ಹಿಂದಕ್ಕೆ ಕೈ ತೋರಿಸಿ ಒಂದು ಹೊಳೆಯ ಹೆಸರು ಹೇಳಿದರು, ಮುಂದಕ್ಕೆ ಕೈ ತೋರಿಸಿ ಇನ್ನೊಂದು ಹೊಳೆಯ ಹೆಸರು.

ನಾನು ನಕ್ಷೆ ಬಿಡಿಸಿದೆ. ಅವರು ಹೇಳಿದ್ದು ಕರಾರುವಾಕ್ಕಾಗಿತ್ತು. ಅರಾಪಾದ ಈ ಕಡೆ, ಅಂದರೆ ಉತ್ತರಕ್ಕೆ ಬಿದ್ದ ನೀರು ಒಕೊಂಗಾತೆ ಕಡೆ ಇಳಿದು ಮಪಾಚೊ ಹೊಳೆ ಸೇರುತ್ತದೆ. ಆ ಕಡೆ ಬಿದ್ದದ್ದು ಪಿತುಮಾರ್ಕಾ ಹೊಳೆಗೆ, ಅಲ್ಲಿಂದ ವಿಲ್ಕನೋಟಾ ನದಿಗೆ. ವಿಲ್ಕನೋಟಾ ಕೆಳಗೆ ಹೋಗ್ತಾ ಉರುಬಾಂಬಾ ಅನ್ನಿಸಿಕೊಂಡು ಮಾಚು ಪಿಚುವಿನ ಕಾಲಬುಡದಲ್ಲಿ ಸುತ್ತಿ ಹರಿಯುತ್ತದೆ. ಲಕ್ಷಾಂತರ ಜನ ಮಾಚು ಪಿಚು ನೋಡೋಕೆ ಬರುತ್ತಾರೆ, ಕೆಳಗೆ ಕಾಣುವ ಆ ನೀರಿನಲ್ಲಿ ಈ ಹಿಮದ ಪಾಲೂ ಇದೆ. ಮಪಾಚೊ ಮಾತ್ರ ಬೇರೆ ದಾರಿ ಹಿಡಿದು, ದೂರ ಬಳಸಿ, ಯವೇರೊ ಅನ್ನೋ ಹೆಸರಲ್ಲಿ ಕೊನೆಗೆ ಅದೇ ಉರುಬಾಂಬಾ ಸೇರುತ್ತದೆ. ಒಂದೇ ದಿಣ್ಣೆಯ ಮೇಲೆ ಬೇರೆಯಾದ ಹನಿಗಳು ನೂರಾರು ಕಿಲೋಮೀಟರ್ ಸುತ್ತಿ ಮತ್ತೆ ಒಂದಾಗುತ್ತವೆ. ಅಲ್ಲಿಂದ ಉಕಯಾಲಿ, ಅಲ್ಲಿಂದ ಅಮೆಜಾನ್, ಅಟ್ಲಾಂಟಿಕ್. ಪೆಸಿಫಿಕ್ ಸಮುದ್ರ ಎಷ್ಟೋ ಹತ್ತಿರದಲ್ಲಿದ್ದರೂ ಇಲ್ಲಿಂದ ಒಂದು ಹನಿಯೂ ಆ ಕಡೆ ಹೋಗೋದಿಲ್ಲ.

ಪುಕಾಕೋಚಾ ಕೆರೆಗಳ ಭಾಗವನ್ನು ಬೇಗ ದಾಟಿಬಿಡುತ್ತೇನೆ. ಚೆನ್ನಾಗಿವೆ, ಅಷ್ಟೇ. ಬರೆಯಬೇಕಾದ್ದು ಔಸಂಗಾತೆಕೋಚಾ ಬಗ್ಗೆ. ಪರ್ವತದ ದಕ್ಷಿಣಕ್ಕೆ, ನೇರ ಹಿಮನದಿಯ ಕೆಳಗೆ ಇರುವ ಕೆರೆ. ಅದರ ನೀರು ನೀಲಿಗೂ ಹಸಿರಿಗೂ ನಡುವಿನ ಬಣ್ಣ, ಸ್ವಲ್ಪ ಹಾಲು ಬೆರೆಸಿದ ಹಾಗೆ. ಹಿಮನದಿ ಜಾರುವಾಗ ಅಡಿಯ ಬಂಡೆಯನ್ನು ಉಜ್ಜಿ ಉಜ್ಜಿ ಹಿಟ್ಟು ಮಾಡುತ್ತದೆ. ಆ ನುಣ್ಣನೆ ಪುಡಿ ತಳಕ್ಕೆ ಕೂರದೆ ನೀರಿನಲ್ಲೇ ತೇಲುತ್ತದೆ, ಬೆಳಕು ಅದಕ್ಕೆ ಬಡಿದು ಆ ಬಣ್ಣ ಬರುತ್ತದೆ. ಕೆರೆಯ ಸುತ್ತ ಕೋಟೆಗೋಡೆಯಂತೆ ನಿಂತಿರೋದು ಮೊರೇನ್, ಅಂದರೆ ಹಿಮನದಿ ಹಿಂದೊಮ್ಮೆ ತಳ್ಳಿ ತಂದು ಗುಡ್ಡೆ ಹಾಕಿದ ಕಲ್ಲುಮಣ್ಣು. ಈಗ ಹಿಮ ಆ ಗೋಡೆಗಿಂತ ಎಷ್ಟೋ ಮೇಲಕ್ಕೆ ಹೋಗಿದೆ. ಎಲ್ಲಿಯವರೆಗೆ ಇತ್ತು ಅನ್ನೋದಕ್ಕೆ ಆ ದಿಬ್ಬವೇ ನೆಟ್ಟ ಗಡಿಕಲ್ಲು. ನನ್ನಂಥವನಿಗೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ.

ಮರುದಿನ ಪಾಲೋಮಾನಿ ಪಾಸ್. ಇಡೀ ಸುತ್ತಿನಲ್ಲಿ ಅತಿ ಎತ್ತರದ್ದು, 5,200 ಮೀಟರಿಗೆ ಹತ್ತಿರ. ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹತ್ತು ಹೆಜ್ಜೆ, ನಿಲ್ಲು, ಹತ್ತು ಹೆಜ್ಜೆ, ನಿಲ್ಲು. ನೆಲ ಕಡುಕೆಂಪು. ಬಂಡೆಯಲ್ಲಿರೋ ಕಬ್ಬಿಣ ತುಕ್ಕು ಹಿಡಿದು ಬಂದ ಬಣ್ಣ ಅದು. ಒಂದು ಕಡೆ ಬಿಳಿ ಹಿಮ, ಇನ್ನೊಂದು ಕಡೆ ಕೆಂಪು ಮಣ್ಣು. ಇವೆರಡು ಇಷ್ಟು ಹತ್ತಿರ ಇರೋದನ್ನು ನಾನು ಬೇರೆಲ್ಲೂ ನೋಡಿಲ್ಲ.

ಇಷ್ಟು ಎತ್ತರ ಅಂದ ಮೇಲೆ ನೀರು ಇಬ್ಭಾಗವಾಗೋದು ಇಲ್ಲೇ ಇರಬೇಕು ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ? ಯಜಮಾನರು ಇಲ್ಲ ಅಂತ ತಲೆಯಾಡಿಸಿದರು. ಅಕ್ಕನ ಮಗಳು ಹೇಳಿದಳು, "ಮಾಮ, ಎರಡೂ ಕಡೆ ನೀರು ಒಂದೇ ಹೊಳೆಗೆ ಹೋಗುತ್ತಂತೆ. ಚಿಲ್ಕಾದಲ್ಲಿ ಸೇರುತ್ತಂತೆ." ನಿಜ. ಪಾಲೋಮಾನಿಯ ಎರಡೂ ಬದಿಯ ತೊರೆಗಳು ದಕ್ಷಿಣಕ್ಕೇ ಇಳಿದು ಚಿಲ್ಕಾ ಕಣಿವೆ ಮೂಲಕ ಪಿತುಮಾರ್ಕಾ ಸೇರುತ್ತವೆ. ನೀರನ್ನು ನಿಜವಾಗಿ ಹಂಚೋದು ಅದಕ್ಕಿಂತ ತಗ್ಗಿನ ಅರಾಪಾ, ಮತ್ತೆ ಆಮೇಲೆ ಬರುವ ಕಾಂಪಾ. ಎತ್ತರದ ಪಾಸ್ ಸುಮ್ನೆ ಪರ್ವತದಿಂದ ಚಾಚಿಕೊಂಡ ಒಂದು ದಿಣ್ಣೆಯ ಮೇಲಿದೆ. ಸುತ್ತು ಹಾಕದೆ, ಯಾರೂ ನಿಲ್ಲಿಸಿ ತೋರಿಸದೆ ಇದು ತಿಳಿಯೋದಿಲ್ಲ. ನಾನು ಕೊಟ್ಟ ದುಡ್ಡಿಗೆ ಆ ಒಂದು ಮಾತೇ ಸಾಕಿತ್ತು.

ಕುಸ್ಕೋದಿಂದ ಒಂದೇ ದಿನದಲ್ಲಿ ಕರೆದುಕೊಂಡು ಹೋಗಿಬರುವ ವಿನಿಕುಂಕಾ, ಆ ಬಣ್ಣದ ಬೆಟ್ಟ, ಈ ಪರ್ವತದ ನೆರೆಯಲ್ಲೇ ಇದೆ. ಅಲ್ಲಿಂದಲೂ ಔಸಂಗಾತೆ ಕಾಣುತ್ತದೆ. ನಸುಕಿಗೆ ಮುಂಚೆ ಎಬ್ಬಿಸಿ, ವ್ಯಾನಿನಲ್ಲಿ ತುಂಬಿಕೊಂಡು ಹೋಗಿ, ಸಂಜೆ ವಾಪಸ್ ತರುತ್ತಾರೆ. ಸಮಯ ಇಲ್ಲದವರಿಗೆ ಅದೂ ಸರಿ. ಆದರೆ ಅಲ್ಲಿಂದ ಕಾಣೋದು ಪರ್ವತದ ಒಂದು ಮುಖ. ಅದರ ಬೆನ್ನು, ಪಕ್ಕೆ, ಯಾವ ಕಣಿವೆ ಯಾವುದಕ್ಕೆ ಬಾಯಿ ತೆರೆಯುತ್ತೆ ಅನ್ನೋದು ನಡೆದವರಿಗೇ ಗೊತ್ತಾಗೋದು.

ಈಗ ಹಿಮದ ವಿಷಯ. ಔಸಂಗಾತೆ ಇರೋದು ಸಮಭಾಜಕದಿಂದ ದಕ್ಷಿಣಕ್ಕೆ 14 ಡಿಗ್ರಿಯ ಒಳಗೆ. ಉಷ್ಣವಲಯ. ಇಲ್ಲಿ ಹಿಮ ಉಳಿದಿರೋದು ಎತ್ತರದ ದೆಸೆಯಿಂದ ಮಾತ್ರ. ಪ್ರಪಂಚದ ಉಷ್ಣವಲಯದ ಹಿಮನದಿಗಳಲ್ಲಿ ಹೆಚ್ಚುಕಮ್ಮಿ ನೂರಕ್ಕೆ 70 ಪಾಲು ಪೆರುವಿನಲ್ಲೇ ಇವೆ. ವರ್ಷದಲ್ಲಿ ಚಳಿಗಾಲ, ಬೇಸಿಗೆ ಅನ್ನೋ ದೊಡ್ಡ ವ್ಯತ್ಯಾಸ ಇಲ್ಲ. ಇರೋದು ಒಣಗಾಲ, ಮಳೆಗಾಲ. ಮಳೆಗಾಲದ ಮೋಡ ಬರೋದು ಪೂರ್ವದಿಂದ, ಅಮೆಜಾನ್ ಕಡೆಯಿಂದ. ಆ ಟಾರು ರಸ್ತೆ ಇಳಿದುಹೋಗುವ ಕಾಡಿನ ಆವಿಯೇ ಮೇಲೇರಿ ಇಲ್ಲಿ ಹಿಮವಾಗಿ ಬೀಳುತ್ತದೆ, ಕರಗಿ ನದಿಯಾಗಿ ಮತ್ತೆ ಆ ಕಾಡಿಗೇ ಹೋಗುತ್ತದೆ.

ಒಂದೇ ದಿನದಲ್ಲಿ ಮಾತ್ರ ಎರಡು ಕಾಲ ಬಂದುಹೋಗುತ್ತವೆ. ಜೂನ್, ಜುಲೈನಲ್ಲಿ ಮಧ್ಯಾಹ್ನ ಮುಖ ಸುಡುತ್ತದೆ, ರಾತ್ರಿ ಬಾಟಲಿಯ ನೀರು ಗಟ್ಟಿಯಾಗುತ್ತದೆ. ಈ ಊರಿನವರು ಅದನ್ನೇ ಅಡುಗೆಮನೆಗೆ ಬಳಸಿಕೊಂಡಿದ್ದಾರೆ. ಆಲೂಗಡ್ಡೆಯನ್ನು ರಾತ್ರಿ ಬಯಲಿನಲ್ಲಿ ಹರವಿ ಹೆಪ್ಪುಗಟ್ಟಿಸುತ್ತಾರೆ, ಬೆಳಿಗ್ಗೆ ಕರಗಿದ ಮೇಲೆ ಕಾಲಿನಿಂದ ತುಳಿದು ನೀರು ಹಿಂಡುತ್ತಾರೆ, ಬಿಸಿಲಿಗೆ ಒಣಗಿಸುತ್ತಾರೆ. ಹೀಗೆ ಕೆಲವು ದಿನ ಮಾಡಿದರೆ ಬರೋದು ಚುನ್ಯೊ. ಕಪ್ಪಗೆ, ಹಗುರವಾಗಿ, ವರ್ಷಗಟ್ಟಲೆ ಕೆಡದ ಆಲೂಗಡ್ಡೆ. ನಮ್ಮ ರಾತ್ರಿಯ ಸೂಪಿನಲ್ಲಿ ಇದೇ ಇತ್ತು. ರುಚಿ ಸ್ವಲ್ಪ ಮಣ್ಣುಮಣ್ಣು, ಎರಡನೇ ರಾತ್ರಿಗೆ ನನಗೆ ಇಷ್ಟವಾಗಿತ್ತು. ಮಾಂಸ ತಿನ್ನದವರು ಮೊದಲೇ ಹೇಳಿದರೆ ಕಿನೋವಾ ಸೂಪು, ಮೊಟ್ಟೆ, ಚೀಸ್ ಮಾಡಿಕೊಡುತ್ತಾರೆ. ತರಕಾರಿ ಕಮ್ಮಿ. ಅಷ್ಟು ಎತ್ತರದಲ್ಲಿ ಬೆಳೆಯೋದೂ ಇಲ್ಲ.

ಪೂರ್ವದ ಬದಿಯ ಕಣಿವೆಯಲ್ಲಿ ಜೌಗು ನೆಲ ಬರುತ್ತದೆ. ಅಲ್ಲಿನವರು ಬೊಫೆದಾಲ್ ಅನ್ನುತ್ತಾರೆ. ನೋಡೋಕೆ ಹಸಿರು ಹುಲ್ಲು, ಕಾಲಿಟ್ಟರೆ ಗಟ್ಟಿ ಮೆತ್ತೆ, ಮೆತ್ತೆಗಳ ನಡುವೆ ನೀರು. ಕರಗಿದ ಹಿಮವನ್ನೂ ಮಳೆಯನ್ನೂ ಹೀರಿಟ್ಟುಕೊಂಡು ಒಣಗಾಲದಲ್ಲಿ ನಿಧಾನವಾಗಿ ಬಿಡುವ ನೆಲ ಇದು. ಉಣ್ಣೆಗೆ ಸಾಕುವ, ಒಂಟೆಯ ಜಾತಿಗೆ ಸೇರಿದ ಅಲ್ಪಾಕಾಗಳು ಇಲ್ಲೇ ಮೇಯೋದು. ಯಜಮಾನರು ಕುದುರೆಗಳನ್ನು ಬಳಸು ದಾರಿಯಲ್ಲಿ ಹೊಡೆದುಕೊಂಡು ಬಂದರು. ಕಾರಣ ಕೇಳಿದ್ದಕ್ಕೆ, ಗೊರಸು ಬಿದ್ದ ಜಾಗ ಹಾಗೇ ಒಣಗಿಹೋಗುತ್ತದೆ ಅಂದರು. ಅಲ್ಪಾಕಾಗಳ ಪಾದ ಮೆತ್ತಗಿರುತ್ತದೆ, ಕುದುರೆಯದು ಹಾಗಲ್ಲ. ಎಷ್ಟು ದುಡ್ಡು ಕೊಟ್ಟರೂ ಈ ಕಾಳಜಿಯನ್ನು ಹೊರಗಿನಿಂದ ತರೋಕಾಗೋದಿಲ್ಲ.

ಕಾಂಪಾ ಪಾಸ್ 5,000 ಮೀಟರ್ ದಾಟಿದ ಎತ್ತರದಲ್ಲಿದೆ. ಹಿಮನದಿ ಅಲ್ಲಿ ದಾರಿಗೆ ತೀರಾ ಹತ್ತಿರ. ಯಜಮಾನರು ಒಂದು ಬೋಳು ಬಂಡೆ ತೋರಿಸಿದರು. ತಾವು ಹುಡುಗನಾಗಿದ್ದಾಗ ಅದು ಹಿಮದ ಒಳಗಿತ್ತಂತೆ. ಬಂಡೆ ಇನ್ನೂ ನುಣ್ಣಗಿತ್ತು, ಪಾಚಿ ಹಿಡಿದಿರಲಿಲ್ಲ. ಅವರು ಯೌವನದಲ್ಲಿ ಕೊಯ್ಯೂರ್ ರಿತಿ ಹಬ್ಬಕ್ಕೆ ಉಕುಕು (ಅರ್ಧ ಕರಡಿ, ಅರ್ಧ ಮನುಷ್ಯ) ವೇಷ ಹಾಕಿ ಹೋಗುತ್ತಿದ್ದರಂತೆ. ತಿಂಕಿಯಿಂದ ಅದೇ ರಸ್ತೆಯಲ್ಲಿ ಮುಂದೆ ಹೋದರೆ ಮಾವಯಾನಿ, ಅಲ್ಲಿಂದ ಮೇಲೆ ಸಿನಕಾರಾ ಕಣಿವೆ. ಪ್ರತಿವರ್ಷ ಕ್ರೈಸ್ತರ ಕಾರ್ಪಸ್ ಕ್ರಿಸ್ಟಿ ಹಬ್ಬಕ್ಕೆ ಮುಂಚೆ ಸಾವಿರಾರು ಜನ ಅಲ್ಲಿ ಸೇರುತ್ತಾರೆ. ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಆ ಹಬ್ಬ 2011ರಲ್ಲಿ ಸೇರಿತು. ಉಕುಕುಗಳು ರಾತ್ರಿ ಹಿಮನದಿ ಹತ್ತಿ, ಮಂಜುಗಡ್ಡೆ ಕಡಿದು, ಬೆನ್ನ ಮೇಲೆ ಹೊತ್ತು ತರೋದು ಪದ್ಧತಿಯಾಗಿತ್ತು. ಹಿಮ ಕರಗುತ್ತಿರೋದು ನೋಡಿ ಆ ಪದ್ಧತಿಯನ್ನು ಅವರೇ ನಿಲ್ಲಿಸಿಕೊಂಡರು. ಇದನ್ನು ಹೇಳುವಾಗ ಅವರ ದನಿ ಬದಲಾಯಿತು. ಅಕ್ಕನ ಮಗಳು ಅನುವಾದ ಮಾಡೋದನ್ನು ಸ್ವಲ್ಪ ಹೊತ್ತು ಬಿಟ್ಟಳು, ನಾನೂ ಕೇಳಲಿಲ್ಲ.

ಈ ಪ್ರದೇಶವನ್ನು 2019ರಲ್ಲಿ ಪ್ರಾದೇಶಿಕ ಸಂರಕ್ಷಣಾ ವಲಯ ಅಂತ ಘೋಷಿಸಿದ್ದಾರೆ. ಅದರಿಂದ ಹಿಮ ಕರಗೋದು ನಿಲ್ಲುವುದಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಕೆಳಗಿನ ಹುಲ್ಲುಗಾವಲು, ಜೌಗು, ಅಲ್ಪಾಕಾದ ಕಾಡು ಬಂಧುಗಳಾದ ವಿಕುನ್ಯಾಗಳು ಉಳಿದರೂ ದೊಡ್ಡದೇ.

ಕಾಂಪಾ ಇಳಿದರೆ ಸಾಲು ಕೆರೆಗಳು, ಅದಾದ ಮೇಲೆ ಪಚಾಂತಾ ಹಳ್ಳಿ. ಇಲ್ಲೂ ಬಿಸಿನೀರಿನ ಕೊಳ ಇದೆ, ಉಪಿಸ್‌ಗಿಂತ ಅನುಕೂಲ ಜಾಸ್ತಿ. ಕುತ್ತಿಗೆವರೆಗೆ ಬಿಸಿನೀರಿನಲ್ಲಿ ಕೂತು, ನಡೆದು ಬಂದ ಪರ್ವತದ ಉತ್ತರದ ಮುಖ ನೋಡಬಹುದು. ಮಂಡಿನೋವು ಇರುವವರು ಇದನ್ನು ತಪ್ಪಿಸಿಕೊಳ್ಳಬೇಡಿ.

ಇನ್ನು ಕೊರತೆಗಳು. ಟೆಂಟಿನ ಜಿಪ್ ಒಂದು ಕಡೆ ಕೆಟ್ಟಿತ್ತು, ಪಿನ್ನು ಹಾಕಿ ಮುಚ್ಚಬೇಕಾಯಿತು. ಅಂಥ ಗಾಳಿಗೆ ಅದು ಸಾಲದು. ಮಲಗುವ ಚೀಲ ನಿಮ್ಮದೇ ತೆಗೆದುಕೊಂಡು ಹೋಗಿ, ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ ತಡೆಯುವಂಥದ್ದು. ಬೇಕಿದ್ದರೆ ಕುಸ್ಕೋದಲ್ಲಿ ಬಾಡಿಗೆಗೆ ಸಿಗುತ್ತದೆ. ದೂರ ಕೇಳಿದರೆ ಅವರು ಕಿಲೋಮೀಟರಿನಲ್ಲಿ ಹೇಳೋದಿಲ್ಲ, ಗಂಟೆಯಲ್ಲಿ ಹೇಳುತ್ತಾರೆ. ಅದು ಅವರ ಕಾಲಿನ ಗಂಟೆ. ನೀವು ಒಂದೂವರೆ ಪಟ್ಟು ಹಾಕಿಕೊಳ್ಳಿ.

ಇವೆಲ್ಲ ಸಣ್ಣವು. ದೊಡ್ಡ ಕೊರತೆ ಒಂದೇ. ಆಮ್ಲಜನಕದ ಸಿಲಿಂಡರ್ ಇರಲಿಲ್ಲ, ಸ್ಯಾಟಲೈಟ್ ಫೋನ್ ಇರಲಿಲ್ಲ, ಔಷಧಿ ಡಬ್ಬಿಯಲ್ಲಿ ಹತ್ತಿ, ನೋವಿನ ಮಾತ್ರೆ ಬಿಟ್ಟು ಹೆಚ್ಚೇನಿರಲಿಲ್ಲ. ದಾರಿಯ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ಲೂ ಇಲ್ಲ. ಎತ್ತರದ ಕಾಯಿಲೆ ಜೋರಾದರೆ ಇರುವ ದಾರಿ ಒಂದೇ, ಕುದುರೆ ಮೇಲೆ ಕೂರಿಸಿ ಕೆಳಗೆ ಇಳಿಸೋದು. ಪಾಲೋಮಾನಿಯ ಸುತ್ತ ಅದಕ್ಕೂ ಹೊತ್ತು ಹಿಡಿಯುತ್ತದೆ. ಹಾಗಾಗಿ ಹೃದಯದ, ಶ್ವಾಸಕೋಶದ ತೊಂದರೆ ಇರುವವರು, ಎತ್ತರಕ್ಕೆ ಒಮ್ಮೆಯೂ ಹೋಗದವರು ಎಲ್ಲ ಸಲಕರಣೆ ಇರುವ ಏಜೆನ್ಸಿಯನ್ನೇ ನೋಡಿಕೊಳ್ಳಿ, ಜಾಸ್ತಿ ದುಡ್ಡು ಹೋದರೂ ಪರವಾಗಿಲ್ಲ. ಉಳಿದವರೂ ಕುಸ್ಕೋದಲ್ಲಿ, 3,400 ಮೀಟರಿನಲ್ಲಿ, ಮೂರ್ನಾಲ್ಕು ದಿನ ಇದ್ದು ಮೈ ಹೊಂದಿಸಿಕೊಳ್ಳದೆ ಹೊರಡಬೇಡಿ. ಎತ್ತರದ ಕಾಯಿಲೆಗೆ ಮಾತ್ರೆ ವಿಷಯ ನಿಮ್ಮ ಡಾಕ್ಟರನ್ನು ಕೇಳಿ.

ನನ್ನ ಅಂಕ ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಆ ಔಷಧಿ ಡಬ್ಬಿಗೆ.

ಹೋಗೋಕೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಮಾತು ಮುಗಿಸುವಾಗ ಎಷ್ಟು ಕುದುರೆ, ಎಷ್ಟು ದಿನ, ಊಟ ಯಾರದು, ಟಿಕೆಟ್ ಯಾರದು ಅನ್ನೋದನ್ನು ಕಾಗದದ ಮೇಲೆ ಬರೆದು ಇಬ್ಬರೂ ಇಟ್ಟುಕೊಳ್ಳಿ. ಅರ್ಧ ದುಡ್ಡು ಮೊದಲು, ಅರ್ಧ ಕೊನೆಗೆ. ಕುದುರೆ ವಾಪಸ್ ಮನೆಗೆ ಹೋಗುವ ದಿನದ ಕೂಲಿಯನ್ನೂ ಕೇಳಿ ಸೇರಿಸಿ, ಅದು ಅವರ ಹಕ್ಕು. ತಿಂಕಿಯಲ್ಲಿ ಭಾನುವಾರ ಸಂತೆ. ಸುತ್ತಲಿನ ಹಳ್ಳಿಯವರು ಆ ದಿನ ಅಲ್ಲಿಗೇ ಬರುತ್ತಾರೆ, ಆಳು ಕುದುರೆ ಗೊತ್ತು ಮಾಡಿಕೊಳ್ಳೋದು ಸಲೀಸು.